ಶಿವವ್ವನ ಸೋಫಾದ ಮೇಲೆ ಕುಳಿತ ಸಾಹೇಬರು

ನನ್ನ ಹಿರಿಯಕ್ಕ ತಾರವ್ವನಿಗೆ, ತಂಗಿ ಸುಶೀಲೆಯ ಸಿಟ್ಟಿನ ನಮಸ್ಕಾರ.

ಸಿಟ್ಟು ನಿನ್ನ ಮೇಲಲ್ಲ, ಗಾಬರಿಯಾಗಬೇಡ. ನೀನಿದ್ದಾಗ ಬೆಟಗೇರಿಯ ಈ ನಿನ್ನ ಮನೆಯಲ್ಲೇ ಕುಳಿತು ನಮ್ಮ ಬಳಗಕ್ಕೆಲ್ಲ ನಾನೇ ಕಾಗದ ಬರೆಯುತ್ತಿದ್ದೆ, ನೀನು ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಂಡು "ಇದನ್ನೂ ಬರಿ, ಅದನ್ನೂ ಬರಿ" ಎನ್ನುತ್ತಿದ್ದೆ. ಶಾಲೆಯ ಮೆಟ್ಟಿಲು ಹತ್ತದವಳು, ಕಿರಾಣಿ ಅಂಗಡಿಯ ಪೊಟ್ಟಣ ಬಿಚ್ಚಿ ಓದಿ ಓದಿ ಕಲಿತ ಅಕ್ಷರ ನನ್ನವು. ಈಗ ಎಲ್ಲರ ಕೈಯಲ್ಲೂ ಫೋನು. ನನ್ನ ಕಾಗದ ಯಾರಿಗೆ ಬೇಕು? ಆದರೆ ಈ ಸಿಟ್ಟು ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅಕ್ಕಾ. ನೀನೇ ಓದಬೇಕು.

ಶಿರಹಟ್ಟಿಯ ನಮ್ಮ ತವರಿಗೆ ಬೆಟಗೇರಿಯವರು ನಿನ್ನನ್ನು ನೋಡಲು ಬಂದ ದಿನ ನೆನಪಿದೆಯೇ? ಓಣಿಗೆ ಓಣಿಯೇ ನಮ್ಮ ಮನೆಗೆ ಬಂದು ಬಿದ್ದಿತ್ತು. ಒಬ್ಬರ ಮನೆಯ ಜಮಖಾನೆ, ಇನ್ನೊಬ್ಬರ ಮನೆಯ ಹಿತ್ತಾಳೆಯ ದೀಪದ ಸಮೆ, ಮಗದೊಬ್ಬರ ಬೆಳ್ಳಿ ಲೋಟ. ನೇಕಾರರ ಓಣಿಯಲ್ಲಿ ಅದನ್ನು ಯಾರೂ ಕೇಳಿ ಪಡೆಯುವುದಿಲ್ಲ. ಹೆಣ್ಣು ನೋಡಲು ಬರುತ್ತಾರೆಂದರೆ ಸಾಕು, ತಾವೇ ತಂದಿಟ್ಟು ಹೋಗುತ್ತಾರೆ. ನಾನಿನ್ನೂ ಸಣ್ಣವಳು. ನಿನ್ನ ಮಾವನವರು ನೀರು ಕುಡಿಯಲು ಲೋಟ ಎತ್ತಿದಾಗ ಎಲ್ಲರೆದುರು "ಅದು ನಮ್ಮ ಲೋಟ ಅಲ್ರಿ!" ಎಂದುಬಿಟ್ಟೆ. ನೀನು ನನ್ನ ತೊಡೆ ಚಿವುಟಿದೆ. ಆ ಹಿರಿಯರೋ ಹೊಟ್ಟೆ ಹಿಡಿದುಕೊಂಡು ನಕ್ಕು, ತಲೆಯ ಮೇಲಿನ ಜರಿ ರುಮಾಲು ಮುಟ್ಟಿ, "ಹೆದರಬ್ಯಾಡ ತಂಗಿ, ಇದೂ ನಮ್ದಲ್ಲ, ಬಾಜು ಮನೀದು" ಎಂದರು. ಲಗ್ನ ನಿಶ್ಚಯವಾದದ್ದೇ ಆ ನಗುವಿನ ಮೇಲೆ. ಎರವಲು ತಂದಾದರೂ ಬಂದವರನ್ನು ಸತ್ಕರಿಸುವುದು ಸುಳ್ಳಲ್ಲ, ಮರ್ಯಾದೆ ಎಂಬುದು ಆ ಎರಡೂ ಮನೆಗೆ ಗೊತ್ತಿತ್ತು. ಈಗ ಬಂದ ಸಾಹೇಬರಿಗೆ ಮಾತ್ರ...

ಇರಲಿ, ಮೊದಲಿನಿಂದ ಹೇಳುತ್ತೇನೆ. ಕೈಮಗ್ಗ ನಿಂತ ಮೇಲೆ ನಿನ್ನ ಮಗ ಪರಶುರಾಮ ಇಚಲಕರಂಜಿಯ ಯಂತ್ರಮಗ್ಗಕ್ಕೆ ಹೋಗಿ, ಅಲ್ಲಿಂದ ಪುಣೆಯ ಆಚೆ ಯಾವುದೋ ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದು ನಿನಗೆ ಗೊತ್ತು. ಸಣ್ಣ ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು, ಬಿದ್ದಲ್ಲಿಗೆ ನಡೆದು ಹೋಗಿ, ಮತ್ತೆ ಹೊಡೆದು, ಕೊನೆಗೆ ಒಂದು ಕುಣಿಗೆ ಬೀಳಿಸುವ ಆಟ, ಆ ಕೋಲುಗಳ ಚೀಲ ಹೊರಲು ಬೇರೆಯವರು ಬೇಕು ಎಂದು ಅವನು ಹೇಳಿದಾಗ ನೀನು "ಆಡಾವ್ರು ಅವ್ರು, ಹೊರಾವ್ರು ನೀವೇನ್ಲೇ?" ಎಂದಿದ್ದೆ. ನೀನು ಕಣ್ಣು ಮುಚ್ಚಿದ ಮೇಲಿನ ಸುದ್ದಿ ಕೇಳು. ಆ ಚೀಲ ಹೊತ್ತದ್ದು ನಿನ್ನ ಮೊಮ್ಮಗಳು ಜಯಿ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದರೂ ಮುಂದಿನ ಕಾಲೇಜು ಕೈಗೆ ಎಟುಕಲಿಲ್ಲ. ಅಪ್ಪನ ಬಳಿ ಹೋಗಿ ಅದೇ ಕ್ಲಬ್ಬಿನಲ್ಲಿ ಕೆಲಸಕ್ಕೆ ನಿಂತಳು. ದೀಪಾವಳಿಗೆ ಬಂದಾಗ ಹೆಗಲ ಮೇಲೆ ಪಟ್ಟಿಯ ಕಪ್ಪು ಕಲೆ ಮೂಡಿತ್ತು. ಎಣ್ಣೆ ಹಚ್ಚುತ್ತಾ ಅತ್ತದ್ದು ನಾನು. ಅವಳು ನಗುತ್ತಿದ್ದಳು.

ಕೊನೆಯ ದಿನಗಳಲ್ಲಿ ನೀನು ಮೊಣಕಾಲು ಹಿಡಿದುಕೊಂಡು "ಕುಣಿಮಗ್ಗದಾಗ ಕಾಲು ಬಿಟ್ಟು ಕುಂತು ಕುಂತು ಕಾಲು ಅಲ್ಲೇ ಉಳದಾವ" ಎನ್ನುತ್ತಿದ್ದೆಯಲ್ಲ, ಜಯಿ ಅದನ್ನು ಮರೆತಿಲ್ಲ. ಅವಳು ಓದಬೇಕೆಂದದ್ದು ಫಿಸಿಯೋಥೆರಪಿ. ಔಷಧವಿಲ್ಲದೆ, ಕೈಯಿಂದ, ಕಸರತ್ತಿನಿಂದ ಕೀಲುನೋವು ಇಳಿಸುವ ಓದು. ಹುಬ್ಬಳ್ಳಿಯ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಫೀಜು ಮಾತ್ರ ನಮ್ಮ ಅಳತೆಗೆ ಮೀರಿದ್ದು. ಆಗಲೇ ಕ್ಲಬ್ಬಿನಲ್ಲಿ ಒಂದು ವಿದ್ಯಾರ್ಥಿವೇತನ ಇದೆಯೆಂದು ತಿಳಿಯಿತು. ಅಲ್ಲಿ ಕೆಲಸ ಮಾಡುತ್ತ ಚೆನ್ನಾಗಿ ಓದುವ ಹುಡುಗ ಹುಡುಗಿಯರಿಗೆ ಕಾಲೇಜಿನ ಪೂರಾ ಖರ್ಚು. ಜಯಿ ಅರ್ಜಿ ಹಾಕಿದಳು. ಅಂಕ ನೋಡಿದರು, ಕೆಲಸ ನೋಡಿದರು, ಎರಡೂ ಮೆಚ್ಚಿದರು. ಉಳಿದದ್ದು ಒಂದೇ. ಪರಶುರಾಮ ಫೋನ್ ಮಾಡಿ, "ಸಣ್ಣವ್ವಾ, ಕ್ಲಬ್ಬಿನ ಸಾಹೇಬ್ರು ಹುಡುಗಿ ಮನಿ ನೋಡಾಕ ಬರ್ತಾರಂತ" ಎಂದ.

ಹುಡುಗಿಯ ಮನೆ ನೋಡಲು! ಅಕ್ಕಾ, ನಮ್ಮ ಓಣಿಯಲ್ಲಿ ಈ ಮಾತಿಗೆ ಇನ್ನೊಂದು ಅರ್ಥ ಉಂಟೇ? ಎದುರುಮನೆಯ ಶಿವವ್ವನ ಮಕ್ಕಳು ಅವಳ ಹೊಸ ಸೋಫಾವನ್ನು ತಲೆಯ ಮೇಲೆ ಹೊತ್ತು ತಂದರು. ಒಬ್ಬರು ಫ್ರಿಜ್ ತಳ್ಳಿಕೊಂಡು ಬಂದರು. ಕೂಲರ್ ಬಂತು, ಗಾಜಿನ ಬಟ್ಟಲು ಬಂದವು, ಬೆಳ್ಳಿಯ ತಟ್ಟೆ ಒಂದು ಬಂತು. ನಿನ್ನ ಸೊಸೆ ರೇಣುಕಾ ನಿನ್ನ ಮಗ್ಗದ ಕುಣಿಯ ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಜಮಖಾನೆ ಹಾಸಿ, ಅದರ ಮೇಲೆ ಸೋಫಾ ಇರಿಸಿದಳು. ನಾನು ಹೂರಣ ರುಬ್ಬಿದೆ. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಶೇಂಗಾ ಹಿಂಡಿ, ಬಿಸಿ ರೊಟ್ಟಿ. ಏನು ಕಡಿಮೆ ಮಾಡಲಿ? ಮೊಮ್ಮಗಳ ಓದಿಗೆ ಆಸರೆಯಾಗಲು ಅಷ್ಟು ದೂರದಿಂದ ಬರುವವರು. ನೀನಿದ್ದಿದ್ದರೆ ಬಿಡುತ್ತಿದ್ದೆಯಾ?

ಸಾಹೇಬರು ಬಂದರು. ಶಿವವ್ವನ ಸೋಫಾದ ಮೇಲೆ ಕುಳಿತರು. ಎರಡು ಹೋಳಿಗೆ ಹಾಕಿಸಿಕೊಂಡರು, ತುಪ್ಪ ಬೇಡವೆನ್ನಲಿಲ್ಲ. ನೀನು ಕಲಿಸಿದಂತೆ ಕಾರಿನ ಡ್ರೈವರನನ್ನೂ ಒಳಗೆ ಕರೆದು ಅದೇ ಸಾಲಿನಲ್ಲಿ ಕೂರಿಸಿದೆ. ಸಾಹೇಬರ ಮುಖ ಒಂದಿಷ್ಟು ಬಿಗಿಯಾಯಿತು, ನಾನು ಕಂಡೂ ಕಾಣದಂತಿದ್ದೆ. ಹೋಗುವಾಗ ಟವೆಲು, ತೆಂಗಿನಕಾಯಿ ಕೊಟ್ಟೆವು. ಅವರು ಮೊಬೈಲಿನಲ್ಲಿ ಮನೆಯ ಫೋಟೋ ತೆಗೆದುಕೊಂಡರು. ಕೈತೊಳೆಯಲು ನೀರು ಹಾಕುವಾಗ ಆ ಡ್ರೈವರ್ ಮೆಲ್ಲಗೆ ಮರಾಠಿಯಲ್ಲಿ "ಇದನ್ನೆಲ್ಲ ಯಾಕೆ ಮಾಡಿದಿರಿ, ಆಯೀ?" ಎಂದ. ಉಪಚಾರದ ಮಾತೆಂದುಕೊಂಡು ನಾನು "ಇರ್ಲಿ ಬಿಡಪ್ಪ, ಇನ್ನೊಂದೀಟು ಊಟ ಮಾಡಬೇಕಿತ್ತು" ಎಂದೆ. ಅವನು ತಲೆ ತಗ್ಗಿಸಿದ.

ಎರಡು ವಾರದ ಮೇಲೆ ಖಬರ ಬಂತು. ಜಯಿಗೆ ವಿದ್ಯಾರ್ಥಿವೇತನ ಇಲ್ಲ. ಯಾಕೆಂದು ಪರಶುರಾಮ ಕೇಳಿದ್ದಕ್ಕೆ ಆ ಫೋಟೋಗಳನ್ನು ತೋರಿಸಿದರಂತೆ. ಸೋಫಾ, ಫ್ರಿಜ್, ಬೆಳ್ಳಿ ತಟ್ಟೆ. "ನಿಮ್ಮದು ಅನುಕೂಲಸ್ಥರ ಕುಟುಂಬ. ಇದು ಇಲ್ಲದವರಿಗೆ." ರೇಣುಕಾ ಹಣೆ ಬಡಿದುಕೊಂಡಳು: "ಅತ್ತಿ, ಒಂದ್ ಕಪ್ ಚಾ ಕೊಟ್ಟು ಕಳಸಿದ್ರ ಮುಗೀತಿತ್ತಲ್ರಿ!" ಶಿವವ್ವ ಬಾಗಿಲಲ್ಲೇ ನಿಂತು, "ಅಯ್ಯ ನನ ಸೋಫಾನ... ಅದರ ಕಂತು ಇನ್ನಾ ಹರದಿಲ್ಲ, ಅದರ ಮ್ಯಾಲ ಕುಂತು ನಿಮಗ ಅನುಕೂಲಸ್ಥರು ಅಂದ್ನಾ ಅವ?" ಎಂದಳು. ಬಂದವರಿಗೆ ಹೊಟ್ಟೆ ತುಂಬ ಬಡಿಸಿದ್ದೇ ಅಪರಾಧವಾದ ಕಾಲವನ್ನು ನೀನು ಕಂಡಿದ್ದೆಯಾ, ಅಕ್ಕಾ? ಹಸಿದ ಮುಖ ಹೊತ್ತು, ಹರಿದ ಸೆರಗು ಮುಂದೆ ಮಾಡಿ ಕೂತಿದ್ದರೆ ನಮ್ಮ ಹುಡುಗಿ ಓದಲು ಯೋಗ್ಯಳಾಗುತ್ತಿದ್ದಳೇ? ಅವಳ ಅಂಕ ಸೋಫಾದ ಕೆಳಗೆ ಹೋಯಿತೇ?

ಕಾಲೇಜಿಗೆ ಸೇರುವ ಕೊನೆಯ ದಿನ ಹತ್ತಿರವಿತ್ತು. ನಾನು ಬಸ್ಸು ಹತ್ತಿದೆ. ಶಿವವ್ವ ಚೀಲ ಹಿಡಿದುಕೊಂಡು ಬಂದೇ ಬಿಟ್ಟಳು. "ನನ್ನ ಸೋಫಾಕ್ಕ ನಾನ ಸಾಕ್ಷಿ" ಎಂದಳು. ಬೆಳಿಗ್ಗೆ ಕ್ಲಬ್ಬಿನ ಮುಂದೆ ಇಳಿದಾಗ ನನ್ನ ಕಣ್ಣು ನಾನೇ ನಂಬಲಿಲ್ಲ. ಕಣ್ಣು ಹಾಯುವವರೆಗೆ ಹುಲ್ಲು. ಮನುಷ್ಯರಿಲ್ಲ, ದನವಿಲ್ಲ. ಬರೀ ಹುಲ್ಲಿನ ಮೇಲೆ ಚಕ್ರದಂತೆ ತಿರುಗಿ ತಿರುಗಿ ಬೀಳುವ ನೀರು. ಬೆಟಗೇರಿಯಲ್ಲಿ ನಳ ಬರುವ ದಿನಕ್ಕಾಗಿ ಕೊಡ ಸಾಲಿಗಿಟ್ಟು ಕಾಯುವ ಶಿವವ್ವ ಅಲ್ಲೇ ನಿಂತುಬಿಟ್ಟಳು. "ಏ ಸುಶೀಲವ್ವಾ, ಯಾರೂ ಬಂದ್ ಮಾಡಾವಲ್ರಲ್ಲ ನೀರು!"

ಮುಂದಿನ ಗೇಟಿನಿಂದ ಬಿಡಲಿಲ್ಲ. ಹಿಂದಿನ ಗೇಟಿನ ಬಳಿ ಬೇವಿನ ಗಿಡದ ಕೆಳಗೆ ನಿಂತೆವು. ನಾನು ಕಾದೆ. ನಮ್ಮನೆಯ ಹೋಳಿಗೆ ತಿಂದವರು ಒಳಗಿದ್ದಾರೆ, ನಾನು ಬಂದಿದ್ದೇನೆಂದು ಹೇಳಿ ಕಳಿಸಿಯೂ ಆಗಿದೆ. "ಕುಂಡ್ರಿ" ಎಂದು ಒಂದು ಮಾತು? ಒಂದು ಗ್ಲಾಸು ನೀರು? ಅಷ್ಟೊಂದು ನೀರು ಹುಲ್ಲಿಗೆ ಬೀಳುತ್ತಿತ್ತು, ಅಕ್ಕಾ. ಕೊನೆಗೆ ನೀರು ತಂದುಕೊಟ್ಟವನು ಆ ಡ್ರೈವರ್, ತನ್ನ ಬಾಟಲಿಯಲ್ಲಿ.

ಬಿಸಿಲೇರಿದ ಮೇಲೆ ಸಾಹೇಬರು ಬಂದರು. ನನ್ನ ಮುರುಕು ಮರಾಠಿಯಲ್ಲಿ ಕೇಳಿದೆ, "ನೀವು ಮನಿ ನೋಡಿದ್ರಿ, ಫೋಟೋ ಹೊಡಕೊಂಡ್ರಿ. ಇದು ಯಾರದು ಅಂತ ಒಂದ್ ಮಾತು ಕೇಳಿದ್ರೇನ್ರಿ?" ಶಿವವ್ವ ಮುಂದೆ ಬಂದು, "ಸೋಫಾ ನಂದ್ರಿ. ನೀವು ಕುಂತದ್ದು ನಂದರ ಮ್ಯಾಲ. ಹುಡುಗಿ ಓದು ಅಕೀದ ಐತಿ" ಎಂದಳು. ಜಯಿ ಅದನ್ನು ಮರಾಠಿಯಲ್ಲಿ ಹೇಳಿದಳು. ಸಾಹೇಬರು ಗೊಂದಲದಿಂದ, ಹಾಗಾದರೆ ಇಲ್ಲದ್ದನ್ನು ಇದೆಯೆಂದು ಯಾಕೆ ತೋರಿಸಿದಿರಿ ಎಂದರು. ನನಗೆ ಮೈ ಉರಿಯಿತು. "ತೋರಿಸಲಿಲ್ರಿ. ಬಡಿಸಿದ್ವಿ" ಎಂದೆ.

ಅಷ್ಟರಲ್ಲಿ ಜಯಿ ನನ್ನ ಕೈ ಹಿಡಿದಳು. "ಸಣ್ಣಾಯಿ, ಸಾಕು. ನಾವು ಎಷ್ಟು ಬಡವರು ಅಂತ ಹೇಳಿ ಹೇಳಿ ನನಗ ಕೊಡಸಬ್ಯಾಡ." ಆಮೇಲೆ ಸಾಹೇಬರ ಕಡೆಗೆ ತಿರುಗಿ ನನ್ನ ಮುರುಕು ಮರಾಠಿಗೆ ನಿಲುಕದ ಏನನ್ನೋ ನಿಧಾನವಾಗಿ ಹೇಳಿದಳು. ನಮ್ಮ ಜೊತೆಗೇ ಊರಿಗೆ ಹೊರಟವಳಿಂದ ಬಸ್ಸಿನಲ್ಲಿ ಅದನ್ನೇ ಕನ್ನಡದಲ್ಲಿ ಕೇಳಿ ತಿಳಿದೆ: "ಸರ್, ನಾನು ಇಲ್ಲಿ ಕೆಲಸ ಮಾಡೀನಿ, ಓದೀನಿ. ಅದಕ್ಕ ಕೊಡೂದಿದ್ರ ಕೊಡ್ರಿ. ನಮ್ಮ ಮನ್ಯಾಗ ಏನಿಲ್ಲ ಅನ್ನೂದಕ್ಕ ಬ್ಯಾಡ್ರಿ." ಅವಳ ಹೆಗಲ ಕಲೆ ಅಂಗಿಯ ಅಂಚಿನಲ್ಲಿ ಕಾಣುತ್ತಿತ್ತು. ಸಾಹೇಬರು ಅದನ್ನು ನೋಡಿದರೋ ಇಲ್ಲವೋ. ಸಮಿತಿಯವರ ಮುಂದೆ ಇನ್ನೊಮ್ಮೆ ಇಡುತ್ತೇನೆ ಎಂದಷ್ಟೇ ಹೇಳಿ ಒಳಗೆ ಹೋದರು.

ಕೊಟ್ಟರು, ಅಕ್ಕಾ. ಸೇರುವ ದಿನ ಮೀರುವ ಮೊದಲು ಕಾಲೇಜಿಗೆ ಹಣ ಕಟ್ಟಿದರು. ಓಣಿಯಲ್ಲೆಲ್ಲ ಪೇಢೆ ಹಂಚಿದೆವು. ಇಷ್ಟಾದ ಮೇಲೆ ನನ್ನ ಸಿಟ್ಟು ಇಳಿಯಬೇಕಿತ್ತು ತಾನೇ? ಇಳಿದಿಲ್ಲ. ಯಾಕೆಂದರೆ ಕ್ಲಬ್ಬಿನವರು ಈಗ ಹೊಸ ನಿಯಮ ಮಾಡಿದ್ದಾರೆ. ಮನೆ ನೋಡಲು ಬಂದಾಗ ಮನೆಯವರು ಊಟ, ಚಹಾ, ಯಾವ ಉಪಚಾರವನ್ನೂ ಮಾಡಕೂಡದಂತೆ, ಬೇರೆಯವರ ಸಾಮಾನು ಮನೆಯಲ್ಲಿ ಇರಕೂಡದಂತೆ. ಇಷ್ಟೆಲ್ಲ ಆದ ಮೇಲೆ ಅವರು ಕಲಿತದ್ದು ಇದು! ಕೇಳುವುದನ್ನು ಕಲಿಯಲಿಲ್ಲ, ನಮ್ಮ ಬಡಿಸುವ ಕೈಯನ್ನೇ ಕಟ್ಟಿಹಾಕಿದರು.

ಮೊನ್ನೆ ಕೊರ್ಲಹಳ್ಳಿಯಿಂದ ಒಬ್ಬ ತಾಯಿ ಫೋನ್ ಮಾಡಿದಳು. ಅವಳ ಮಗಳೂ ಜಯಿಯ ಜೊತೆ ಅಲ್ಲಿ ಚೀಲ ಹೊತ್ತವಳು, ಅವಳೂ ಅರ್ಜಿ ಹಾಕಿದ್ದಾಳೆ. ಬರುವ ವಾರ ಅವರ ಮನೆ ನೋಡಲು ಬರುತ್ತಾರಂತೆ. "ಅವ್ವಾ, ನೀರಾದ್ರೂ ಕೊಡಬೌದೋ ಇಲ್ಲೋ? ಹೊಳಿ ದಂಡ್ಯಾಗ ಇದ್ದು ಬಂದವರಿಗೆ ನೀರು ಕೊಡ್ಲಿಲ್ಲಂದ್ರ ಮಂದಿ ನನಗ ಏನಂದಾರು?" ಎಂದಳು. ನೀರು ಕೊಡಲು ಹೆದರುವ ಹೆಂಗಸು ಹೊಳೆಯ ದಂಡೆಯಲ್ಲಿ...

ಒಂದು ಸಮಾಧಾನದ ಸುದ್ದಿಯನ್ನೂ ಹೇಳುತ್ತೇನೆ. ಹೋದ ಭಾನುವಾರ ಜಯಿ ಹುಬ್ಬಳ್ಳಿಯಿಂದ ಬಂದಳು. ಬಂದವಳೇ ಹಲಗೆ ಸರಿಸಿ ನಿನ್ನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಮೊಣಕಾಲು ಎಲ್ಲಿ ಬಗ್ಗುತ್ತದೆ, ಎಲ್ಲಿ ಎಳೆಯುತ್ತದೆ ಎಂದು ತನ್ನ ಕಾಲನ್ನೇ ಒತ್ತಿ ಒತ್ತಿ ನೋಡಿಕೊಂಡಳು. "ಆಯಿಗೆ ಇಲ್ಲೇ ನೋವು ಇರತಿತ್ತೇನ, ಸಣ್ಣಾಯಿ?" ಎಂದು ಕೇಳಿದಳು. ಹೌದೆಂದೆ.

ಬರುವ ವಾರ ನಾನು ಕೊರ್ಲಹಳ್ಳಿಗೆ ಹೋಗುತ್ತೇನೆ. ಕಡಲೆಬೇಳೆ, ಬೆಲ್ಲ ಇಲ್ಲಿಂದಲೇ ಒಯ್ಯುತ್ತೇನೆ. ತಟ್ಟೆ ಸಾಲದಿದ್ದರೆ ಬಾಜು ಮನೆಯಿಂದ ತರಿಸುತ್ತೇನೆ, ಯಾರ ಮನೆಯ ತಟ್ಟೆಯೆಂದು ಮೊದಲು ಸಾಹೇಬರಿಗೆ ಹೇಳಿ ಆಮೇಲೆ ಬಡಿಸುತ್ತೇನೆ. ಈ ಸಲ ನನ್ನ ತೊಡೆ ಚಿವುಟಲು ನೀನಿಲ್ಲ. ಆ ಹುಡುಗಿಗೆ ಇಲ್ಲವೆಂದರೆ ಮತ್ತೆ ಬಸ್ಸು ಹತ್ತುತ್ತೇನೆ, ಶಿವವ್ವ ಆಗಲೇ ಚೀಲ ತಯಾರು ಮಾಡಿಟ್ಟಿದ್ದಾಳೆ. ಡ್ರೈವರನನ್ನೂ ಅದೇ ಸಾಲಿನಲ್ಲಿ ಕೂರಿಸುತ್ತೇನೆ, ಅಕ್ಕಾ. ಅವನಿಗೆ ಒಂದು ಹೋಳಿಗೆ ಹೆಚ್ಚು.

ನಿನ್ನ ತಂಗಿ,
ಸುಶೀಲೆ