ಗೆರೆ ಕಾಣದ ಗ್ರಾಫ್

ಜೂನ್ 3, ಬೆಳಿಗ್ಗೆ
ಆಫೀಸ್ ಬಸ್ಸು. ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ನಿಂತೇ ಇದೆ. ಮುನೀಂದ್ರನ ಮೇಲ್ ಮತ್ತೆ ಓದಿದೆ. ನಾವಿಬ್ಬರೂ ಬಿಡುವಿನಲ್ಲಿ ಕಟ್ಟಿದ ಗ್ರಾಫ್ ಲೈಬ್ರರಿ, ಅಂದರೆ ಅಂಕಿಗಳಿಂದ ಗ್ರಾಫ್ ಬಿಡಿಸುವ ಸಾಫ್ಟ್‌ವೇರ್, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಈಗ ಅದಕ್ಕೆ ಆರು ಹೊಸ ಸೌಕರ್ಯ ಸೇರಿಸಬೇಕಂತೆ. ಒಂದು ಸಾಲು ಕೋಡ್ ಬರೆದರೆ ಗ್ರಾಫ್ ತಾನಾಗಿ ಮೂಡಬೇಕಂತೆ... ಬೇಡ ಎಂದು ಉತ್ತರ ಬರೆದೆ. ಬಳಸುವವರು ಹತ್ತಾರು ಸಾಲು ಬರೆಯಲಿ, ಏನು ಬರೆಯುತ್ತಿದ್ದೇವೆಂದು ತಿಳಿಯುತ್ತದೆ. ಇಂದು ಸೇರಿಸಿದ್ದನ್ನು ಮುಂದೆ ನೋಡಿಕೊಳ್ಳಬೇಕಾದವರೂ ನಾವೇ.

ಜೂನ್ 5
ಮುನೀಂದ್ರ ಫೋನಿನಲ್ಲಿ ಸಿಡುಕಿದ. "ನಿವೇದಿತಾ, ನೀನು ನಿನ್ನಂಥೋರಿಗೆ ಮಾತ್ರ ಬರೀತಿದೀಯ ಕಣೇ."
ಫೋನ್ ಇಟ್ಟೆ. ಸಿಟ್ಟು ಇನ್ನೂ ಇಳಿದಿಲ್ಲ.

ಜೂನ್ 19
ಹೇಮಲತಾ ಎಂಬವರ ಮೇಲ್. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ನಮ್ಮ ಗ್ರಾಫ್ ನೋಡಿ ಮೋಸಹೋದೆವು, ಒಬ್ಬರ ಕೈ ಸುಟ್ಟಿದೆ ಎಂದಿದ್ದಾರೆ. ನಾಳೆಯೇ ಬರುತ್ತೇನೆಂದು ಬರೆದೆ.

ಜೂನ್ 20
ರಜೆ ಹಾಕಿ ಪೀಣ್ಯಕ್ಕೆ ಹೋದೆ. ಹೇಮಲತಾ ಸ್ಕ್ರೀನ್ ನನ್ನತ್ತ ತಿರುಗಿಸಿದರು. ಲೋಹ ಕಾಯಿಸುವ ಹಳೆಯ ಫರ್ನೇಸ್‌ಗೆ ಬರೆದಿದ್ದ ಗ್ರಾಫಿನ ಕೋಡನ್ನೇ ಹೊಸದಕ್ಕೂ ಹಾಕಿಕೊಂಡಿದ್ದಾರೆ. ಅದರಲ್ಲಿ ಗ್ರಾಫ್ ತೋರಿಸುವ ಉಷ್ಣತೆಯ ಮಿತಿ ಒಂಬೈನೂರು ಡಿಗ್ರಿ. ಹೊಸದು ಅದನ್ನು ದಾಟಿ ಕಾದಿದೆ — ಗೆರೆ ಚೌಕಟ್ಟಿನಾಚೆ ಹೋಗಿದೆ. ಪರದೆ ಖಾಲಿ. ಫರ್ನೇಸ್ ಆಫ್ ಆಗಿದೆ ಎಂದುಕೊಂಡು ಆಪರೇಟರ್ ವೆಂಕಟಪ್ಪ ಬಾಗಿಲಿಗೆ ಕೈ ಹಾಕಿದ್ದಾರೆ.
"ಮಿತಿ ಯಾಕೆ ಬದಲಾಯಿಸಲಿಲ್ಲ?"
"ಅಷ್ಟು ಸಾಲಲ್ಲಿ ಯಾವ್ದು ಏನು ಅಂತ ಹುಡುಕೋಕೆ ಟೈಮೆಲ್ಲಿ ಮೇಡಂ? ಕೆಲ್ಸ ಮಾಡ್ತಿತ್ತು, ಕಾಪಿ ಮಾಡ್ಕೊಂಡ್ವಿ. ಎಲ್ರೂ ಹಂಗೇ ಮಾಡೋದು."
ವೆಂಕಟಪ್ಪನವರು ಕಟ್ಟು ಹಾಕಿದ ಕೈ ಎತ್ತಿ ತೋರಿಸಿದರು. "ಬೆರಳು ಆಡ್ತವೆ ಮೇಡಂ, ನೋಡಿ ಇಂಗೆ."
ನೋಡಿದೆ.

ಜೂನ್ 23
ಮುನೀಂದ್ರನಿಗೆ ನಾನೇ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಆರೂ ಬೇಡ, ಒಂದು ಸಾಕು — ಒಂದೇ ಸಾಲಿನ ಆಜ್ಞೆ, ಮಿತಿಯನ್ನು ಅದೇ ಹೊಂದಿಸಿಕೊಂಡು ಬಂದ ಅಂಕಿಗಳನ್ನೆಲ್ಲ ಚೌಕಟ್ಟಿನೊಳಗೆ ತೋರಿಸಬೇಕು. ಅಲಂಕಾರ ಏನೂ ಇಲ್ಲ.
"ಒಂದೇನಾ?"
"ಒಂದೇ. ಅದನ್ನ ನಾನು ನೋಡ್ಕೋತೀನಿ."
"ಇಬ್ರೂ ನೋಡ್ಕೊಳೋಣ ಬಿಡು."

ಜುಲೈ 14
ಹೊಸ ಆವೃತ್ತಿ ಹೊರಬಂದು ಒಂದು ವಾರ. ಹೇಮಲತಾ ಗ್ರಾಫ್ ಕಳಿಸಿದ್ದಾರೆ. ಗೆರೆ ಪೂರ್ತಿ ಕಾಣುತ್ತದೆ. ಸಮಾಧಾನ... ಕೆಳಗೆ ಒಂದು ಪ್ರಶ್ನೆಯೂ ಇದೆ. ಅಂಕಿಗಳಿಗೆ ತಕ್ಕಂತೆ ಗ್ರಾಫಿನ ಅಳತೆ ದಿನವೂ ಬದಲಾಗುತ್ತದೆ. ಹೆಚ್ಚು ಕಾದ ದಿನವೂ ಗೆರೆ ನಿನ್ನೆಯಷ್ಟೇ ಎತ್ತರಕ್ಕೆ ಕಾಣುತ್ತದಲ್ಲ ಎಂದಿದ್ದಾರೆ. ನಿಜ. ನನಗೂ ಮುನೀಂದ್ರನಿಗೂ ಹೊಳೆದಿರಲಿಲ್ಲ. ಸೌಕರ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಿಲ್ಲ. ಹೀಗೇ ಬಿಡಲೂ ಆಗದು. ಮೊದಲು ವೆಂಕಟಪ್ಪನವರನ್ನೇ ಕೇಳಬೇಕು, ಅವರ ಕಣ್ಣು ಗೆರೆಯ ಮೇಲೆ ಹೋಗುತ್ತದೆಯೋ, ಪಕ್ಕದ ಅಂಕಿಯ ಮೇಲೋ ಎಂದು. ನಾಳೆ ಮತ್ತೆ ಪೀಣ್ಯಕ್ಕೆ.