ಘಟ್ಟದ ಕಡೆಯ ಮೋಡ

ಕಾಸರಕೋಡ
ಮಂಗಳವಾರ, ೧೪-೫-೧೯೬೩

ಮಲ್ಪೆ ಬಂದರದಲ್ಲಿರುವ ನನ್ನ ಯಜಮಾನರಿಗೆ ಗಂಗಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಂತೆ. ನಾನು ಬರೆಯುವುದಿಲ್ಲ. ನಾಲ್ಕನೇ ಇಯತ್ತೆಯವರೆಗೆ ಕಲಿತ ಅಕ್ಷರ ಇವತ್ತಾದರೂ ಉಪಯೋಗಕ್ಕೆ ಬರಲಿ, ಇದು ಬೇರೆಯವರ ಕೈಯಲ್ಲಿ ಬರೆಸುವ ಮಾತಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ ನಿಮ್ಮ ದೋಣಿಯ ಈರ ಊರಿಗೆ ಬಂದಿದ್ದ. ನೀವು ಸರಿಯಾಗಿ ಉಣ್ಣುವುದಿಲ್ಲವಂತೆ. ಗುಡುಗು ಕೇಳಿದರೆ ಬಲೆ ಬಿಟ್ಟು ಕುಕ್ಕರಗಾಲಲ್ಲಿ ಕೂತು, ಮಗಳನ್ನು ನಾನೇ ಕೊಂದೆ ಎನ್ನುತ್ತೀರಂತೆ. "ಹೀಂಗೇ ಆದ್ರೆ ಅವ ಈ ಮಳೆಗಾಲ ದಾಟುದಿಲ್ಲ ಅತ್ಗೆ" ಎಂದ. ಅವನಿಗೆ ಚಾ ಕೊಟ್ಟು ಕಳಿಸಿದೆ. ಆಮೇಲೆ ಒಲೆಯ ಮುಂದೆ ಕೂತು ಅತ್ತೆ.

ನಮ್ಮ ನಾಗು ಹೋಗಿ ನಾಳೆಗೆ ಒಂದು ವರ್ಷ. ಅವತ್ತು ನೀವು ಕಡಲದಂಡೆಯ ಹೊಯ್ಗೆಯ ಮೇಲೆ ತಾರ್ಲೆ ಮೀನು ಒಣಹಾಕಿ, ಪಡುವಣ ದಿಕ್ಕು ನೋಡಿ, "ಕಡಲ ಮೇಲೆ ಒಂದು ಚೂರು ಮೋಡ ಇಲ್ಲ, ಮಳೆ ಎಂತದೂ ಬರುದಿಲ್ಲ" ಎಂದು ಇಲ್ಲಿಯ ಬಂದರಕ್ಕೆ ಹೋದಿರಿ. ನಮ್ಮ ಕೇರಿಯಲ್ಲಿ ಗಂಡಸು ಕಡಲು ನೋಡಿ ಆಡಿದ ಮಾತೇ ಮಾತು. ಆಷಾಢದ ಮಳೆಯಾದರೆ ಅದು ಸರಿ, ಅದು ಕಡಲಿನಿಂದಲೇ ಬರುತ್ತದೆ. ಬೇಸಿಗೆಯ ಗುಡುಗುಮಳೆ ಹಾಗಲ್ಲ.

ಇದು ನನಗೆ ಗೊತ್ತಿತ್ತು. ನನ್ನಪ್ಪ ದೋಣಿ ಬಿಟ್ಟು ಮಾವಳ್ಳಿಯಲ್ಲಿ ಗೇಣಿ ಗದ್ದೆ ಮಾಡಿದವ. ಬೇಸಿಗೆಯಲ್ಲಿ ಕಡಲಿಗೆ ಬೆನ್ನು ಹಾಕಿ ಘಟ್ಟ ನೋಡು ಎನ್ನುತ್ತಿದ್ದ. ಬಿಸಿಲಿಗೆ ನೆಲ ಕಾವಲಿಯ ಹಾಗೆ ಕಾಯುತ್ತದೆ. ಮಧ್ಯಾಹ್ನ ಕಡಲಗಾಳಿ ತೇವ ಹೊತ್ತು ಒಳಗೆ ನುಗ್ಗಿ ಘಟ್ಟ ಹತ್ತುತ್ತದೆ, ಅಲ್ಲಿ ಮೋಡ ಒಂದರ ಮೇಲೊಂದು ಕಟ್ಟುತ್ತದೆ. ಸಂಜೆಗೆ ಗಾಳಿ ತಿರುಗಿತೋ, ಅದೇ ಮೋಡ ಸಿಡಿಲು ಸಮೇತ ನಮ್ಮ ಕಡೆಗೆ ಇಳಿಯುತ್ತದೆ. ಅವತ್ತು ಮೂರು ಗಂಟೆಗೇ ಗೇರುಸೊಪ್ಪೆಯ ಕಡೆ ಕಪ್ಪಗಾದದ್ದನ್ನು ನಾನು ಕಂಡಿದ್ದೆ. ಕಡಲಗಾಳಿ ಥಟ್ಟನೆ ನಿಂತದ್ದೂ ತಿಳಿಯಿತು.

ಆದರೂ ನಿಮಗೆ ಹೇಳಿ ಕಳಿಸಲಿಲ್ಲ. ಯಾಕೆ ಗೊತ್ತಾ? ಹಿಂದಿನ ದಿನ ಇದನ್ನೇ ಹೇಳಿದ್ದಕ್ಕೆ ನಾಲ್ಕು ಜನರೆದುರು, "ಗದ್ದೆ ಕೆಸರಿನವಳಿಗೆ ಕಡಲ ಸುದ್ದಿ ಎಂತಕ್ಕೆ?" ಎಂದು ನಕ್ಕಿರಿ. ಆ ದಿನ ಮಳೆಯೂ ಬಾರದೆ ನನಗೆ ಕೈಕೊಟ್ಟಿತು. ಕೇರಿಯ ಹೆಂಗಸರು ಸಂಜೆಯವರೆಗೂ ಕಿಸಿಕಿಸಿ ನಕ್ಕರು, ನನಗೆ ಮೈಯೆಲ್ಲ ಉರಿಯಿತು. ಅದಕ್ಕೇ ಮರುದಿನ ಮೋಡ ಕಂಡರೂ, ನೆನೆಯಲಿ ಇವರ ಮೀನು, ಆಗ ಇವರಿಗೆ ಬುದ್ಧಿ ಬರುತ್ತದೆ ಎಂದುಕೊಂಡು ಒಳಗೆ ಅಕ್ಕಿ ಕೇರುತ್ತಾ ಕೂತೆ. ಹೋದರೆ ಮೀನು ಹೋಗಲಿ ಎಂದಿದ್ದೆ. ಮಗಳು ಹೋಗುತ್ತಾಳೆ ಎಂದು ಯಾವ ತಾಯಿ ಎಣಿಸುತ್ತಾಳೆ ಹೇಳಿ.

ಮೊದಲ ಗುಡುಗಿಗೆ ನಾಗು ತಾನೇ ಬುಟ್ಟಿ ಎತ್ತಿಕೊಂಡು ಹೊಯ್ಗೆಗೆ ಓಡಿದಳು. ನಾನು ನೋಡುವಷ್ಟರಲ್ಲಿ ದೂರ ಹೋಗಿದ್ದಳು. ಇನ್ನೂ ಒಂದು ಹನಿ ಬಿದ್ದಿರಲಿಲ್ಲ, ಕಡಲ ಮೇಲೆ ಬಿಸಿಲಿತ್ತು. ಆ ಬಯಲಲ್ಲಿ ನಿಂತದ್ದು ಅವಳೊಬ್ಬಳೇ. ಸಿಡಿಲು ಅಲ್ಲೇ ಬಿತ್ತು. ಹನ್ನೊಂದು ವರ್ಷದ ಕೂಸು, ನಮ್ಮ ಒಂದೇ ಕೂಸು.

ಸೂತಕ ಕಳೆದ ಮೇಲೆ ನೀವು ನನ್ನ ಮುಖ ನೋಡದೆ ಮಲ್ಪೆಗೆ ಹೋದಿರಿ. ಮಳೆ ಬರುವುದಿಲ್ಲ ಎಂದ ನಿಮ್ಮ ಮಾತಿನಿಂದಲೇ ಹೀಗಾಯಿತು ಎಂದುಕೊಂಡು ಹೋದದ್ದು ಅಂತ ಗೊತ್ತಿದ್ದೂ ನಾನು ತಡೆಯಲಿಲ್ಲ. ವರ್ಷವಿಡೀ ಊರಿನವರು ನನ್ನನ್ನು ಪಾಪ ಎಂದರು, ನಿಮ್ಮನ್ನು ಬೈದರು. ಕೇಳಿಸಿಕೊಂಡು ಸುಮ್ಮನಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು! ನೀವು ತಿಳಿಯದೆ ತಪ್ಪಿದಿರಿ. ತಿಳಿದೂ ಬಾಯಿ ಮುಚ್ಚಿ ಕೂತವಳು ನಾನು. ಮಗಳನ್ನು ಕೊಂದೆ ಎಂದು ಇನ್ನು ಹೇಳಬೇಡಿ. ಹೊಟ್ಟೆ ತುಂಬ ಉಣ್ಣಿ, ದೋಣಿ ಹತ್ತಿ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಊರಿಗೆ ಬರಬೇಡಿ, ಆದರೆ ಬದುಕಿರಿ.

ನಿಮ್ಮ ಕಾಲಿಗೆ ಬಿದ್ದು ಕೇಳಿಕೊಳ್ಳುವ,
ಗಂಗಿ

ತಾ.ಕ.: ಗಂಜಿ ಹಚ್ಚಿ ಪಾಕೀಟು ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ನಾಗು ತಾನೇ ಓಡಿದಳು ಎಂದು ಬರೆದದ್ದು ಸುಳ್ಳು. ಗುಡುಗು ಕೇಳಿ ಅವಳು ಬಾಗಿಲಲ್ಲಿ ನಿಂತು, "ಅಬ್ಬೆ, ಮೀನು ಹೆಕ್ಕಿ ತರ್ಲಾ?" ಎಂದು ಕೇಳಿದಳು. ನಾನು ಮೊರದಿಂದ ತಲೆ ಎತ್ತದೆ, "ನಿನ್ನಪ್ಪನ ಮೀನು, ಬೇಕಾದ್ರೆ ನೀನೇ ಹೋಗಿ ಹೆಕ್ಕು" ಎಂದೆ. "ಆತು" ಎಂದು ಓಡಿದಳು.