ಮೇಜಿನ ಮೇಲೆ ಉಳಿದ ಚೌಕ

ಫೆಬ್ರವರಿ 6, ಗುರುವಾರ, ಸಂಜೆ

ಚೌಕ ಮುಗಿಯಿತು. ನೀಲಿ ಹೂವು, ಎರಡು ಎಲೆ. ನಮ್ಮ ಕಸೂತಿ ಬಳಗದ ಹನ್ನೆರಡು ಜನಕ್ಕೂ ಅದೇ ಹೂವು, ಅದೇ ದಾರ. ಎಲ್ಲ ಸೇರಿಸಿ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಒಂದು ದೊಡ್ಡ ಪರದೆ. ಪ್ರತಿ ಸಲ ಓರಗಿತ್ತಿ ಬಂದು, ಇಸ್ತ್ರಿ ಹಾಕಿಕೊಡುತ್ತೇನೆಂದು ನನ್ನದನ್ನು ಒಯ್ಯುತ್ತಿದ್ದಳು. ಈ ಸಲ ಅವಳಿಗೆ ಜ್ವರ. ನಾನೇ ಹಾಕಿಕೊಂಡೆ. ಇಸ್ತ್ರಿ ಏನು ಬ್ರಹ್ಮವಿದ್ಯೆಯೇ?

ನಾಳೆ ಪರೀಕ್ಷೆ. ಚೌಕಗಳನ್ನು ಬೋರಲು ಹಾಕಿ, ಹಿಂಬದಿ ಮಾತ್ರ ನೋಡುವುದು. ಹೆಸರಿಲ್ಲ. ಗಂಟು, ಗೋಜಲು ಸಿಕ್ಕರೆ ಮೂಲೆಗೆ ಕಪ್ಪು ದಾರ—ಬಿಚ್ಚಿ ಮತ್ತೆ ಹೊಲಿಯಬೇಕು. ಒಂಬತ್ತು ವರ್ಷದಿಂದ ಕಪ್ಪು ದಾರ ಕಟ್ಟುವವಳು ನಾನೇ. ಕಣ್ಣು ಕೂಡ ಬೇಡ ನನಗೆ. ಬೆರಳಾಡಿಸಿದರೆ ಸಾಕು. ನನ್ನದಕ್ಕೆ ಅದೂ ಬೇಡ.

ಫೆಬ್ರವರಿ 7, ಶುಕ್ರವಾರ, ಮಧ್ಯಾಹ್ನ 2

ಬರೆದಾದರೂ ನೋಡೋಣ.

ಓರಗಿತ್ತಿಯದು ಬಿಟ್ಟು ಹನ್ನೊಂದು ಚೌಕ ಇದ್ದವು. ಎಂಟನೆಯದಕ್ಕೆ ಬೆರಳು ಇಟ್ಟ ತಕ್ಷಣ ಮೈ ಉರಿಯಿತು. ಗಂಟಿನ ಮೇಲೆ ಗಂಟು. ಒಂದು ಎಲೆಯಿಂದ ಇನ್ನೊಂದಕ್ಕೆ ದಾರ ಹಾಗೇ ಎಳೆದಿದ್ದಾರೆ. ಕಪ್ಪು ದಾರ ಕಟ್ಟಿದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ…

“ಇದನ್ನ ಹೊಲಿದೋರ ಕೈಗೆ ಸೂಜಿ ಕೊಟ್ಟೋರು ಯಾರು? ಗೋಣಿಚೀಲ ಹೊಲಿಯೋಕೆ ಕಳಿಸಿ.”

ಒಬ್ಬಿಬ್ಬರು ನಕ್ಕರು. ಆಮೇಲೆ ಎಲ್ಲರೂ ಬಂದು ತಮ್ಮ ತಮ್ಮದನ್ನು ಎತ್ತಿಕೊಂಡರು. ಅದೊಂದು ಉಳಿಯಿತು. ನಾಚಿಕೆಯೇನೋ ಅಂದುಕೊಂಡೆ. ಯಾರದಮ್ಮ ಇದು, ತಗೊಳ್ಳಿ, ಅಂತ ಎರಡು ಸಲ ಕೂಗಿದೆ. ಯಾರೂ ಅಲುಗಲಿಲ್ಲ. ಬಳಗದ ಹಿರಿಯರಾದ ಟೀಚರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಹತ್ತು ಜನರ ಕೈಯಲ್ಲೂ ಒಂದೊಂದು ಚೌಕ. ನನ್ನ ಕೈ ಖಾಲಿ.

ತಿರುಗಿಸಿದೆ. ನನ್ನದೇ.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ, ಚೌಕ ಹಿಡಿದು ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ.

ಫೆಬ್ರವರಿ 8

ಆಗುವುದಿಲ್ಲ. ಏನೂ.

ಫೆಬ್ರವರಿ 12, ಬುಧವಾರ

ಓರಗಿತ್ತಿ ಬಂದಿದ್ದಳು. ಜ್ವರ ಬಿಟ್ಟಿದೆ, ಮುಖ ಇಷ್ಟೇ ಆಗಿದೆ. ನನ್ನನ್ನು ಕಂಡದ್ದೇ ಅತ್ತಳು. ಅವಳೇಕೆ ಅಳಬೇಕು? ಗದರಿ ಕೇಳಿದೆ.

“ನಾನು ಬರೀ ಇಸ್ತ್ರಿ ಹಾಕ್ತಿರಲಿಲ್ಲ ಅಕ್ಕ. ಬಿಚ್ಚಿ ಮತ್ತೆ ಹೊಲೀತಿದ್ದೆ. ಹೋದ ವರ್ಷದಿಂದ. ಈ ಸಲ ಎದ್ದು ಕೂರೋಕೇ ಆಗಲಿಲ್ಲ.”

ಹೋದ ವರ್ಷದ ಆರು ಚೌಕ! ಎಲ್ಲರೂ ಕೈಯಿಂದ ಕೈಗೆ ದಾಟಿಸಿ ಹೊಗಳಿದ್ದು. ನಾನು ಬೀಗಿದ್ದೇ ಬೀಗಿದ್ದು.

ಯಾಕೆ ಹೇಳಲಿಲ್ಲ ಅಂತ ರೇಗಿದೆ. ಕಣ್ಣು ಮಂಜಾದ ವಿಷಯ ಎತ್ತಿದರೆ ನೀವು ಸಿಡಿದುಬೀಳುತ್ತಿದ್ದಿರಿ ಅಂದಳು. ಹೌದು, ಬೀಳುತ್ತಿದ್ದೆ.

ಅದೇ ವರ್ಷ ಅವಳ ಚೌಕಕ್ಕೆ ನಾಲ್ಕು ಸಲ ಕಪ್ಪು ದಾರ ಕಟ್ಟಿದ್ದೇನೆ. ಅವಳು ಬಂದು ಎತ್ತಿಕೊಂಡು, ಅವಳದು ಅಂತ ಗೊತ್ತಾದ ಮೇಲೂ ಸೋಮಾರಿ ಅಂದಿದ್ದೇನೆ, ಎಲ್ಲರೆದುರು. ತನ್ನದಕ್ಕೆ ಅವಳಿಗೆ ಪುರಸೊತ್ತು ಎಲ್ಲಿತ್ತು? ಥೂ ನನ್ನ ಬಾಯಿಗೆ.

ನಾನೇ ಬಿಚ್ಚುತ್ತೇನೆ ಅಂತ ಕತ್ತರಿ ಹಿಡಿದೆ. ಬಟ್ಟೆಗೇ ತಗುಲಿತು. ಅವಳು ಚೌಕವನ್ನು ನನ್ನ ಕೈಯಿಂದ ತೆಗೆದುಕೊಂಡು ಹೋದಳು.

ಫೆಬ್ರವರಿ 15, ಶನಿವಾರ

ಕಣ್ಣಿನ ಡಾಕ್ಟರು. ಎಡಗಣ್ಣಿಗೆ ಆಪರೇಷನ್ ಮಾಡಬಹುದಂತೆ. ಬಲಗಣ್ಣು ಇಷ್ಟೇ. ಇದ್ದದ್ದು ಉಳಿದರೆ ಪುಣ್ಯ ಅಂದರು. ಎರಡು ವರ್ಷ ಏನು ಮಾಡುತ್ತಿದ್ದಿರಿ ಅಂತ ಕೇಳಿದರು.

ಫೆಬ್ರವರಿ 20, ಗುರುವಾರ

ಓರಗಿತ್ತಿ ಈಗತಾನೇ ಹೋದಳು. ನನ್ನ ಚೌಕ ತಂದುಕೊಟ್ಟಳು. ಕತ್ತರಿ ತಗುಲಿದ ಕಡೆಯೂ ನುಣ್ಣಗೆ. ಎಷ್ಟು ಬೆರಳಾಡಿಸಿದರೂ ಒಂದು ಗಂಟಿಲ್ಲ.

ಜ್ವರದಿಂದ ತಪ್ಪಿಹೋದ ಅವಳ ಚೌಕವೂ ನಾಳೆ ಬೆಳಗ್ಗೆ ಮೇಜಿಗೆ ಬರಬೇಕು. ನಿನ್ನದೆಲ್ಲಿ, ಕೇಳಿದೆ. ಆಗುತ್ತೆ ಬಿಡಿ ಅಂದಳು. ಚೀಲ ಎಳೆದು ನೋಡಿದೆ. ಖಾಲಿ ಬಟ್ಟೆ. ಪೆನ್ಸಿಲಿನ ಗೆರೆ, ಅಷ್ಟೇ. ಒಂದು ಹೊಲಿಗೆಯೂ ಬಿದ್ದಿಲ್ಲ.

“ನಿಮ್ದು ಮುಗಿಸೋದ್ರಲ್ಲೇ ಟೈಮ್ ಆಗೋಯ್ತು ಅಕ್ಕ.”

ಇಷ್ಟೆಲ್ಲ ಆದ ಮೇಲೂ!

ನಾಳೆ ಎಲ್ಲರೆದುರು ಹೇಳಿಬಿಡುತ್ತೇನೆ. ಇಲ್ಲೇ ಬರೆದಿಟ್ಟುಕೊಳ್ಳುತ್ತೇನೆ, ಅಲ್ಲಿ ನಾಲಿಗೆ ತೊದಲಬಾರದು. ‘ಈ ಚೌಕ ನನ್ನದಲ್ಲ. ಹೋದ ವರ್ಷದ ಆರೂ ನನ್ನವಲ್ಲ. ಅಷ್ಟನ್ನೂ ಹೊಲಿದದ್ದು ನಾನು ಸೋಮಾರಿ ಎಂದು ಕರೆದ ನನ್ನ ಓರಗಿತ್ತಿ.’